ಕಾಲು ಆಯಿದು, ಹುಳ ಅಳ್ಯಾಂದು: ಶಹಾಪುರ ತಾಲೂಕಿನ ಒಂದು ಆನಿಕಾಲು ಕೇಸು

ಊರಿನ ಹೆಸರು ಬರಿಯಲ್ಲ, ಮನಿಯವರ ಹೆಸರೂ ಬರಿಯಲ್ಲ, ಕಾಗದದ ಮ್ಯಾಲ ಹೆಬ್ಬಟ್ಟು ಒತ್ತಿಸ್ಕೊಳ್ಳುವಾಗ ಅದೇ ಮಾತು ಕೊಟ್ಟು ಬಂದೀನಿ. ಯಾದಗಿರಿ ಜಿಲ್ಲಾ, ಶಹಾಪುರ ತಾಲೂಕು, ಕೃಷ್ಣಾ ಕಾಲುವಿ ನೀರು ಬರೋ ಕಡಿ, ಊರಿನ ಒಂದು ಮಗ್ಗಲಿಗೆ ಭತ್ತದ ಗದ್ದಿ ಇನ್ನೊಂದು ಮಗ್ಗಲಿಗೆ ಹತ್ತಿ ಹೊಲ. ಇಷ್ಟು ಗೊತ್ತಿದ್ರ ಸಾಕು. ಅಲ್ಲೊಂದು ಇಲ್ಲೊಂದು ಗುರುತು ಬದಲು ಮಾಡೀನಿ, ರೋಗದ ವಿಷಯ ಮಾತ್ರ ಇದ್ದಂಗೇ ಇಟ್ಟೀನಿ.

ನನ್ನ ಕೆಲಸ ಏನಂದ್ರ, ಮನಷ್ಯಾರ ಮೈಯಾಗ ಬದುಕೋ ಹುಳ ಒಬ್ಬರಿಂದ ಇನ್ನೊಬ್ಬರಿಗೆ ಹ್ಯಾಂಗ ಹೋಗ್ತಾವ, ಎಲ್ಲಿ ನಿಲ್ತಾವ, ಎಲ್ಲಿ ನಿಲ್ಲಂಗಿಲ್ಲ, ಇದರ ಲೆಕ್ಕ ಹಾಕೋದು. ರೂಮು ಕಲಬುರಗಿಯಾಗ, ವಾರದಾಗ ನಾಕು ದಿನ ಬಸ್ಸಿನಾಗ. ನಮ್ಮವ್ವಗ ಯಾರಾದ್ರೂ ಕೇಳಿದ್ರ 'ಸೊಳ್ಳಿ ಹಿಡಿಯೋ ನೌಕರಿ' ಅಂತಾಳ, ಪೂರಾ ತಪ್ಪೇನಲ್ಲ.

ಕೇಸು ಶುರು ಆಗಿದ್ದು ಸಾಲ್ಯಾಗ. ಸಣ್ಣ ಮಕ್ಕಳ ಬಟ್ಟು ಚುಚ್ಚಿ ರಕ್ತ ತಗೊಂಡು ಪಟ್ಟಿ ಮ್ಯಾಲ ಹಾಕೋ ಟೆಸ್ಟು, ಆನಿಕಾಲು ತರೋ ಹುಳ ಹಿಡಿಯೋದು, ಫೈಲೇರಿಯಾ ಟೆಸ್ಟ್ ಸ್ಟ್ರಿಪ್ ಅಂತಾರ, 75 ಮೈಕ್ರೋಲೀಟರ್ ರಕ್ತ ಬೇಕು, ಬರೋಬ್ಬರಿ 10 ನಿಮಿಷಕ್ಕ ಓದಬೇಕು, ತಡ ಮಾಡಿದ್ರ ಇಲ್ಲದ ಗೆರಿನೂ ಮೂಡ್ತದ. ಒಂದು ಗೆರಿ ಬಂದ್ರ ನೆಗೆಟಿವ್, ಎರಡು ಬಂದ್ರ ಪಾಸಿಟಿವ್. ಎರಡನೇ ಕ್ಲಾಸಿನ ಒಂದು ಹುಡುಗಿದು ಎರಡು ಗೆರಿ ಬಂತು, ಎರಡನೇದು ಮಸುಕಾಗಿತ್ತು, ಕಿಟಕಿ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ, ಇನ್ನೊಂದು ಪಟ್ಟಿ ಹಾಕಿದೆ, ಅದರಾಗೂ ಬಂತು. ಹುಡುಗಿ ಮಾತ್ರ ಬಿಸ್ಕಿಟ್ ಪುಡಾ ಸಿಗ್ತಂತ ಖುಷಿಯಾಗಿತ್ತು.

ಏಳು ವರ್ಷದ ಹುಡುಗಿ ಪಾಸಿಟಿವ್ ಬಂದ್ರ ನಮಗ್ಯಾಕ ನಿದ್ದಿ ಕೆಡ್ತದ ಅಂತ ಹೇಳ್ತೀನಿ. ಐವತ್ತು ವರ್ಷದವರ ಮೈಯಾಗ ಹುಳ ಸಿಕ್ರ ಅದು ಯಾವ ಕಾಲದಾಗ ಹೊಕ್ಕದ ಅಂತ ಹೇಳಲಿಕ್ಕಾಗಂಗಿಲ್ಲ, ದೊಡ್ಡ ಹುಳ ಐದಾರು ವರ್ಷ ಆರಾಮ ಬದುಕ್ತದ. ಆದ್ರ ಏಳು ವರ್ಷದ ಕೂಸಿನ ಮೈಯಾಗ ಇದ್ದ ಹುಳ ಈ ಏಳು ವರ್ಷದಾಗೇ ಹೊಕ್ಕಿರಬೇಕು. ಆಕಿ ಹುಟ್ಟೋಕಿಂತ ಎಷ್ಟೋ ವರ್ಷ ಮೊದ್ಲಿಂದ ಊರಾಗ ಗುಳಿಗಿ ಹಂಚ್ಲಿಕತ್ತಾರ, 2004ರಿಂದ ದೇಶದಾಗ ಈ ರೋಗ ಇರೋ ಜಿಲ್ಲಾದಾಗೆಲ್ಲ ವರ್ಷಕ್ಕೊಂದು ಸಲ ಡಿಇಸಿ ಅನ್ನೋ ಹುಳ ಕೊಲ್ಲೋ ಗುಳಿಗಿ, 2007ರಿಂದ ಅದರ ಜೋಡಿ ಅಲ್ಬೆಂಡಜೋಲ್. ಇಷ್ಟಾದ ಮ್ಯಾಲೂ ಕೂಸಿಗೆ ಬಂತು ಅಂದ್ರ ಆಸುಪಾಸಿನಾಗ ಯಾರದೋ ರಕ್ತದಾಗ ಮರಿ ಹುಳ ಇನ್ನೂ ಓಡಾಡ್ಲಿಕತ್ತಾವ, ಸೊಳ್ಳಿ ಇನ್ನೂ ಹೊತ್ತೊಯ್ಲಿಕತ್ತಾವ.

ಹೆಡ್ ಮಾಸ್ತರು ತಡ ಮಾಡಲಿಲ್ಲ. "ಅದ್ರಾಗ ಹುಡುಕೋದೇನದ ಮೇಡಂ, ಅಕಿ ಮನ್ಯಾಗ ಆನಿಕಾಲಿನ ಆಯಿ ಅದಾಳ್ರಿ, ಅಲ್ಲಿಂದೇ ಬಂದದ." ಅಡಿಗಿ ಮಾಡೋ ಅಕ್ಕನೂ ಅದನ್ನೇ ಅಂದ್ಳು, ಬಸ್ ಸ್ಟ್ಯಾಂಡಿನ ಚಾದಂಗಡಿಯವನೂ ಅದನ್ನೇ ಅಂದ. ಊರಿಗೆ ಊರೇ ತೀರ್ಪು ಕೊಟ್ಟು ಕೂತಿತ್ತು. ಆಯಿ ನಡದ ಹಾದಿ ಮಕ್ಕಳು ದಾಟಬಾರದು, ಆಯಿ ಕುಂತ ಕಟ್ಟಿ ಮ್ಯಾಲ ಕೂಡಬಾರದು, ನಳದ ಪಾಳೇಕ ಆಯಿ ಕೊಡ ಇಟ್ರ ಹಿಂದಿನವರು ತಮ್ಮ ಕೊಡ ಸರಿಸ್ತಾರ. ಆಯಿದು ದೊಡ್ಡ ಮೊಮ್ಮಗಳೊಬ್ಬಾಕಿ ಅದಾಳ, ಮಗನ ಮಗಳು, ಆಕಿಗೆ ಬಂದ ಗಂಡು ಈ ಕಾಲು ನೋಡೇ ವಾಪಸ್ ಹೋಗ್ಯದಂತ.

ಮನಿಗೆ ಹೋದೆ. ಆಯಿ ಅಂಗಳದಾಗ ಕುಂತು ತೊಗರಿ ಕೇರ್ಲಿಕತ್ತಿದ್ಳು. ಎಡಗಾಲು ಮೊಣಕಾಲಿನ ಕೆಳಗ ಬಿಂದಿಗಿಹಂಗ ಆಗಿತ್ತು, ಚರ್ಮ ದಪ್ಪ ಆಗಿ ಮಡಿಕಿ ಬಿದ್ದು ಮಡಿಕಿ ಒಳಗ ಕಪ್ಪ ಕೂತಿತ್ತು, ಬಟ್ಟುಗಳ ನಡುವ ಬೆಳ್ಳಗ ಹಸಿ ಹಸಿ, ಹತ್ರ ಬಗ್ಗಿದ್ರ ವಾಸನಿ. ನಾ ಬಗ್ಗಿದ ಕೂಡಲೇ ಆಯಿ ಸೀರಿ ನೆರಿಗಿ ಎಳದು ಮುಚ್ಚಿದ್ಳು. "ಬ್ಯಾಡ ಯವ್ವಾ, ನಿನಗ ಹತ್ತೀತು." ಹೊರಗಿನವರು ಅಂದಿದ್ದು ಬ್ಯಾರೆ, ಆಕಿನೂ ಅದನ್ನೇ ನಂಬಿದ್ಳು. ಮೂವತ್ತು ವರ್ಷದ ಹಿಂದ ಹೊಲದಾಗ ಏನೋ ದಾಟಿದ್ದಕ್ಕ ಬಂತು ಅಂತ ಆಕಿ ಲೆಕ್ಕ, ಮಳಿಗಾಲದಾಗ ಎರಡು ಮೂರು ಸಲ ಚಳಿಜ್ವರ ಬಂದು ತೊಡಿಸಂದಿಯಾಗ ಗಂಟು ಕಟ್ತದ, ಕಾಲು ಕೆಂಪಗಾಗಿ ಉರಿತದ, ನಾಕು ದಿನ ಮಲಗ್ತಾಳ, ಎದ್ದ ಮ್ಯಾಲ ಕಾಲು ಮೊದ್ಲಿಗಿಂತ ಒಂದು ಬಟ್ಟು ದಪ್ಪ.

ಆಯಿ ಬಟ್ಟು ಚುಚ್ಚಿ ಪಟ್ಟಿ ಹಾಕಿದೆ. ಒಂದೇ ಗೆರಿ. ನೆಗೆಟಿವ್.

ಈ ವಿಷಯ ನಮ್ಮವರಿಗೆ ಗೊತ್ತಿದ್ದದ್ದೇ, ಆದ್ರ ಊರಾಗ ಹೇಳಿದ್ರ ಯಾರೂ ನಂಬಂಗಿಲ್ಲ. ವುಚೆರೇರಿಯಾ ಬ್ಯಾಂಕ್ರಾಫ್ಟಿ ಅಂತ ಈ ಹುಳದ ಹೆಸರು, ದಾರದಂಥಾದ್ದು, ದುಗ್ಧರಸ ಹರಿಯೋ ನಾಳದಾಗ ಮನಿ ಮಾಡ್ಕೊಂಡು ಇರ್ತದ, ನಾಳ ಹಿಗ್ಗಿ ಕೆಡ್ತದ. ಮುಂದೊಂದು ದಿನ ಹುಳ ಸಾಯ್ತದ, ಕೆಟ್ಟ ನಾಳ ಮಾತ್ರ ರಿಪೇರಿ ಆಗಂಗಿಲ್ಲ. ನೀರು ಇಳಿಯಲಾರದೆ ಕಾಲಿನಾಗೇ ನಿಲ್ತದ, ಬಟ್ಟುಸಂದಿಯ ಬಿರುಕಿನಾಗ ಸಾದಾ ಬ್ಯಾಕ್ಟೀರಿಯಾ ಹೊಕ್ಕು ಜ್ವರ ತರ್ತಾವ, ಪ್ರತಿ ಜ್ವರಕ್ಕ ಇನ್ನಷ್ಟು ನಾಳ ಕೆಡ್ತಾವ. ಅಂದ್ರ ಆನಿಕಾಲು ಕಾಣಿಸೋ ಹೊತ್ತಿಗೆ ಹುಳದ ಕಾಲ ಬಹಳಷ್ಟು ಮಂದಿಯಾಗ ಮುಗದಿರ್ತದ. ಇಂಥವರ ರಕ್ತದಾಗ ಮರಿ ಹುಳ ಸಿಗೋದೇ ಅಪರೂಪ, ಮರಿ ಇಲ್ಲ ಅಂದ್ರ ಸೊಳ್ಳಿಗೆ ಹೊತ್ತೊಯ್ಲಿಕ್ಕ ಏನೂ ಇಲ್ಲ. ಮೂವತ್ತು ವರ್ಷದಿಂದ ಊರು ದೂರ ಇಟ್ಟಿದ್ದ ಆಯಿಯಿಂದ ಈಗ ಯಾರಿಗೂ ಏನೂ ಹೋಗ್ತಿರಲಿಲ್ಲ.

ಹಂಗಾದ್ರ ಯಾರಿಂದ? ಇಲ್ಲಿ ನನ್ನದೇ ಒಂದು ದಡ್ಡತನ ಹೇಳ್ಕೋಬೇಕು. ಆ ಓಣಿಯಾಗ ಎಲ್ಲಾರ ರಕ್ತ ನೋಡಬೇಕಂತ ಹೊರಟಿದ್ದು ಡಿಸೆಂಬರದಾಗ, ಹತ್ತಿ ಬಿಡಿಸೋ ಸುಗ್ಗಿ, ತೊಗರಿ ರಾಶಿ ಬ್ಯಾರೆ. ರಾತ್ರಿ ಒಂಬತ್ತಕ್ಕ ಶುರು ಮಾಡಿದ್ವಿ, ಆದ್ರ ಮನ್ಯಾಗ ಇದ್ದವರು ಹೆಣ್ಮಕ್ಳು, ಮುದುಕರು, ಹುಡುಗ್ರು ಅಷ್ಟೇ. ದುಡಿಯೋ ಗಂಡಸ್ರು ಬೆಂಗಳೂರು, ಪುಣೆ, ಹೈದರಾಬಾದ್ ಕಡಿ ಗುಳೆ ಹೋಗಿದ್ರು. ಸಿಕ್ಕವರದೆಲ್ಲ ಸ್ಲೈಡು ಮಾಡಿ ಒಣಗಲಿ ಅಂತ ಸಾಲಿ ರೂಮಿನಾಗ ಟೇಬಲ್ ಮ್ಯಾಲ ಹರವಿ ಮಲಗಿದ್ವಿ. ಮುಂಜಾನಿ ಎದ್ದು ನೋಡಿದ್ರ ಇರಿವಿ ಸಾಲು! ಅರ್ಧಕ್ಕಿಂತ ಹೆಚ್ಚು ಸ್ಲೈಡಿನ ರಕ್ತ ಇರಿವಿ ತಿಂದು ಗಾಜು ಸ್ವಚ್ಛ ಮಾಡಿ ಇಟ್ಟಿದ್ವು. ಟೇಬಲ್ ಕಾಲಿನ ಕೆಳಗ ನೀರಿನ ಬಟ್ಟಲು ಇಡಬೇಕಂತ ಹಳೇ ಟೆಕ್ನಿಶಿಯನ್ ಒಬ್ಬರು ಹತ್ತು ಸಲ ಹೇಳಿದ್ರು, ನಾ ಕಿವಿಗೆ ಹಾಕ್ಕೊಂಡಿದ್ದಿಲ್ಲ. ಉಳದ ಸ್ಲೈಡಿನಾಗ ಒಂದೂ ಪಾಸಿಟಿವ್ ಇರಲಿಲ್ಲ, ಅದನ್ನೇ 'ಸೊನ್ನೆ' ಅಂತ ಬರದು ಕಳಿಸಿದ್ರ ಗೈಡು ಫೋನ್ ಮಾಡಿ ಒಂದೇ ಮಾತು ಕೇಳಿದ್ರು, ಊರಾಗ ಗಂಡಸ್ರೇ ಇಲ್ಲದ ರಾತ್ರಿ ಸರ್ವೇ ಮಾಡಿ ಸೊನ್ನೆ ಅಂತ ಯಾರಿಗೆ ಹೇಳ್ತಿ ತಂಗಿ ಅಂತ.

ರಾತ್ರಿ ಯಾಕ ಅಂತ ಊರಾಗ ಎಲ್ಲಾರೂ ಕೇಳ್ತಾರ, ಕಳ್ಳರ ಹೊತ್ತಿನಾಗ ರಕ್ತ ತಗೊಳ್ಳೋರು ಎಂಥಾ ಡಾಕ್ಟ್ರು ಅಂತ. ಈ ಹುಳದ ಮರಿಗೆ, ಮೈಕ್ರೋಫೈಲೇರಿಯಾ ಅಂತೀವಿ, ಒಂದು ವಿಚಿತ್ರ ಚಾಳಿ ಅದ. ಹಗಲೊತ್ತು ಪುಪ್ಪುಸದ ಒಳಗಿನ ನಾಳದಾಗ ಅಡಗಿರ್ತಾವ, ರಾತ್ರಿ ಹತ್ತರ ಸುಮಾರಿಗೆ ಚರ್ಮದ ಕೆಳಗಿನ ರಕ್ತಕ್ಕ ಬರ್ತಾವ, ನಸುಕಿಗೆ ಮತ್ತ ಒಳಗ. ಯಾಕಂದ್ರ ಇದನ್ನ ಹೊರೋ ಕ್ಯೂಲೆಕ್ಸ್ ಸೊಳ್ಳಿ ಕಡಿಯೋದು ರಾತ್ರಿನೇ. ಹುಳಕ್ಕ ಸೊಳ್ಳಿ ಟೈಮ್ ಟೇಬಲ್ ಗೊತ್ತದ ಅನ್ನೋ ಹಂಗ. ಸೊಳ್ಳಿ ಮೈಯಾಗ ಈ ಮರಿ ಬೆಳೀತಾವ ಅಂತ ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಾಗ 1877ರಾಗ ಕಂಡಿದ್ದ, ಮನಷ್ಯಾರ ರೋಗದ ಹುಳ ಸೊಳ್ಳಿಯಾಗ ಬೆಳಿಯೋದು ಮೊದಲ ಸಲ ತೋರಿಸಿದ್ದು ಅದೇ, ಮಲೇರಿಯಾ ಗುಟ್ಟು ಬಿಚ್ಚಿದ್ದು ಅದಾದ ಮ್ಯಾಲ. ಹಗಲು ಹನ್ನೆರಡಕ್ಕ ರಕ್ತ ತಗೊಂಡ್ರ ಮೈ ತುಂಬ ಮರಿ ಇದ್ದವರೂ ನೆಗೆಟಿವ್ ಬರಬಹುದು. ಪಟ್ಟಿ ಟೆಸ್ಟಿಗೆ ಈ ಕಾಟ ಇಲ್ಲ, ಅದು ದೊಡ್ಡ ಹುಳದ ಅಂಶ ಹಿಡಿಯೋದು, ಹಗಲಿನಾಗೂ ಸಿಗ್ತದ.

ಎರಡನೇ ಸಲ ದಿನ ನೋಡಿ ಹೋದ್ವಿ. ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರಿ, ಎಲ್ಲಿ ದುಡಿಲಿಕ್ಕ ಹೋಗಿದ್ರೂ ಯಾದಗಿರಿ ಕಡಿಯವರು ಆ ಹೊತ್ತಿಗೆ ಊರಿಗೆ ಬರ್ತಾರ. ಜಾತ್ರಿ ಮುಗದ ಮಾರನೇ ರಾತ್ರಿ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಕುಂತ್ವಿ, ಈ ಸಲ ಟೇಬಲ್ ಕಾಲಿಗೆ ನಾಕು ನೀರಿನ ಬಟ್ಟಲು. ಆಶಾ ಅಕ್ಕ ಮನಿ ಮನಿ ಕರ್ಕೊಂಡು ಬಂದ್ಳು, ಗಂಡಸ್ರು ಮೈಯೆಲ್ಲ ಭಂಡಾರ ಹತ್ತಿದಂಗೇ ಬಂದ್ರು. ಹುಡುಗಿಯ ಅಪ್ಪನೂ ಬಂದ, ಆಯಿಯ ಅಳ್ಯಾ, ಮನಿಅಳ್ಯಾ ಆಗಿ ಬಂದು ಹತ್ತು ವರ್ಷ ಆಗ್ಯದ. ಮೂವತ್ನಾಕು ವಯಸ್ಸು, ಬೆಂಗಳೂರಾಗ ಗೌಂಡಿ ಕೆಲಸ, ಎತ್ತರ ಆಳು, ಸಿಮೆಂಟ್ ಚೀಲ ಒಂದೇ ಕೈಲೆ ಎತ್ತೋ ಗಟ್ಟಿ ಮೈ. ಒಂದು ದಿನ ಆಸ್ಪತ್ರಿ ಮೆಟ್ಟಿಲ ಹತ್ತಿದವನಲ್ಲ. "ನನ್ನ ರಕ್ತದಾಗ ಏನ್ ಸಿಗ್ತದ್ರಿ ಮೇಡಂ, ಬರೇ ಸಿಮೆಂಟು" ಅಂತ ನಗಾಡ್ತಾನೇ ಬಟ್ಟು ಕೊಟ್ಟ.

ಎರಡು ದಿನ ಬಿಟ್ಟು ಬಣ್ಣ ಹಾಕಿದ ಸ್ಲೈಡು ನೋಡಿದೆ. ದಪ್ಪ ಲೇಪ ಹಚ್ಚಿದ 20 ಮೈಕ್ರೋಲೀಟರ್ ರಕ್ತ, ಅಂದ್ರ ಒಂದು ಸಣ್ಣ ಹನಿ, ನೀರಿನಾಗ ಅದ್ದಿ ಕೆಂಪು ಬಿಡಿಸಿ ಬಣ್ಣ ಹಾಕಿದ್ರ ನೇರಳೆ ದಾರದ ತುಣುಕುಹಂಗ ಮರಿ ಕಾಣ್ತಾವ, ಒಳಗ ಚುಕ್ಕಿ ಚುಕ್ಕಿ ನ್ಯೂಕ್ಲಿಯಸ್ಸು, ಬಾಲದ ತುದಿ ಮಾತ್ರ ಖಾಲಿ, ಅದೇ ಬ್ಯಾಂಕ್ರಾಫ್ಟಿ ಗುರುತು. ಅಳ್ಯಾನ ಸ್ಲೈಡಿನಾಗ ಎಣಿಸಿದ್ರ 31 ಮರಿ. ಒಂದು ಹನಿಯಾಗ 31 ಅಂದ್ರ ಒಂದು ಮಿಲಿಲೀಟರಿಗೆ ಸಾವಿರದೈನೂರರ ಮ್ಯಾಲ. ಆ ರಾತ್ರಿ ಆ ಓಣಿಯಾಗ ಇನ್ನಿಬ್ಬರು ಪಾಸಿಟಿವ್ ಸಿಕ್ರು, ಅವರದು ಒಂದೆರಡು ಮರಿ ಅಷ್ಟೇ, ಇಬ್ಬರೂ ಗಂಡಸ್ರು, ಇಬ್ಬರ ಕಾಲೂ ನೆಟ್ಟಗಿದ್ವು.

ಈಗ ಗುಳಿಗಿ ರಿಜಿಸ್ಟರ್ ತಗದು ನೋಡಿದೆ. ಅಳ್ಯಾನ ಹೆಸರಿನ ಮುಂದ ಐದು ವರ್ಷವೂ ಟಿಕ್ ಇತ್ತು. ಊರಿನ ಲೆಕ್ಕ ನೂರಕ್ಕ ತೊಂಬತ್ತರ ಮ್ಯಾಲ. ಒಟ್ಟು ಜನದಾಗ ನೂರಕ್ಕ 65 ಮಂದಿಯಾದ್ರೂ ಖರೇ ನುಂಗಿದ್ರ ಮಾತ್ರ ಆ ಸುತ್ತು ಗುಣ ಕೊಡ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, ಆ ಪ್ರಕಾರ ಈ ಊರು ಎಂದೋ ಪಾಸಾಗಬೇಕಿತ್ತು. ಆಶಾ ಅಕ್ಕಗ ಬೈಯ್ಯೋ ಮನಸ್ಸಿನಿಂದ ಕೇಳಲಿಲ್ಲ, ಆದ್ರೂ ಆಕಿ ಕಣ್ಣಾಗ ನೀರು ಬಂತು. "ನಾ ಹೋಗೋದು ಹಗಲು ಹನ್ನೊಂದಕ್ಕ ಅಕ್ಕಾರ, ಮನ್ಯಾಗ ಆಯಿ ಒಬ್ಬಾಕಿ ಇರ್ತಾಳ, ಆರು ಮಂದಿ ಗುಳಿಗಿ ಆಕಿ ಕೈಯಾಗ ಕೊಟ್ಟು ಬರ್ತೀನಿ, ಟಿಕ್ ಹಾಕದಿದ್ರ ಮೀಟಿಂಗಿನಾಗ ನನ್ನನ್ನೇ ನಿಲ್ಲಿಸಿ ಕೇಳ್ತಾರ." ಆಕಿ ಅಂದಿದ್ದು ಖರೇ, ಆಕಿ ಬರದಿದ್ದು 'ಕೊಟ್ಟೆ' ಅಂತ, ಮ್ಯಾಲ ಕುಂತವರು ಓದಿದ್ದು 'ನುಂಗಿದ್ರು' ಅಂತ.

ಮತ್ತ ಆಯಿ ಮನಿಗೆ ಹೋದೆ. ಆಯಿ ಒಳಗಿಂದ ಅಕ್ಕಿ ಡಬ್ಬಿ ತಂದು ಮುಂದಿಟ್ಳು, ಅದರಾಗ ವರ್ಷ ವರ್ಷದ ಗುಳಿಗಿ ಚೀಟಿ ಸಮೇತ ಜೋಡಿಸಿ ಇಟ್ಟಿದ್ಳು! ಸರ್ಕಾರದ್ದು ಚೆಲ್ಲಬಾರದು ಅಂತ. ತನ್ನ ಪಾಲಿಂದು ಮಾತ್ರ ತಪ್ಪದಂಗ ನುಂಗ್ಯಾಳ, ಮನ್ಯಾಗ ಗುಳಿಗಿ ಬೇಕೇ ಇರಲಾರದವಳು ಆಕಿ ಒಬ್ಬಾಕಿ, ನುಂಗಿದವಳೂ ಆಕಿ ಒಬ್ಬಾಕಿ.

ಅಳ್ಯಾ ಯಾಕ ತಗೊಂಡಿಲ್ಲ? ಇದನ್ನ ಅವನ ಬಾಯಿಂದ ಹೊರಡಿಸಲಿಕ್ಕ ಎರಡು ಸಂಜಿ ಚಾ ಕುಡಿಬೇಕಾಯ್ತು. ಐದು ವರ್ಷದ ಹಿಂದ ಒಂದು ಸಲ ತಗೊಂಡಿದ್ದನಂತ, ಗುಡಿ ಮುಂದ ಎಲ್ಲಾರ ಜೋಡಿ. ಅವತ್ತು ರಾತ್ರಿ ಚಳಿ ಬಂದು ಮೈ ನಡುಗಿ ಜ್ವರ, ತಲಿ ಒಡಿತದ ಅನ್ನೋಹಂಗ ನೋವು, ವಾಂತಿ, ಎರಡು ದಿನ ಕೂಲಿ ಹೋಯ್ತು. ಬಾಜೂದವರು ಅದೇ ಗುಳಿಗಿ ನುಂಗಿ ಆರಾಮ ಇದ್ರು, ಇವನಿಗೇ ಯಾಕ? "ನನ್ನ ಮೈಗೆ ಒಗ್ಗಂಗಿಲ್ರಿ ಅದು, ನನಗ ಒಗ್ಗದ್ದು ನನ್ನ ಮಗಳಿಗೂ ಒಗ್ಗಂಗಿಲ್ಲ" ಅಂತ ಅವತ್ತಿನಿಂದ ತಾನೂ ಬಿಟ್ಟ, ಹೆಂಡ್ತಿ ಮಗಳಿಗೂ ಬಿಡಿಸಿದ.

ಈ ಕೇಸಿನ ಗಂಟು ಇರೋದು ಇಲ್ಲೇ. ಡಿಇಸಿ ರಕ್ತದಾಗಿನ ಮರಿನ ಜಲ್ದಿ ಕೊಲ್ತದ, ಸಾಯೋ ಮರಿಯಿಂದ ಹೊರಬಿದ್ದ ಕಸ, ಅದರ ಮೈಯಾಗಿರೋ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ, ಇವೆಲ್ಲ ಒಮ್ಮೆಲೆ ರಕ್ತಕ್ಕ ಬಂದಾಗ ಮೈ ರೇಗ್ತದ, ಜ್ವರ ಬರ್ತದ. ಮರಿ ಇಲ್ಲದವನಿಗೆ ಸಾಮಾನ್ಯವಾಗಿ ಇಂಥಾ ತ್ರಾಸು ಆಗಂಗಿಲ್ಲ, ಮರಿ ಜಾಸ್ತಿ ಇದ್ದಷ್ಟೂ ತ್ರಾಸು ಜಾಸ್ತಿ. ಅಂದ್ರ ಗುಳಿಗಿ ನುಂಗಿ ಜ್ವರ ಬಂದವನೇ ಗುಳಿಗಿ ಬೇಕಾಗಿದ್ದ ಮನಷ್ಯ, ಮುಂದಿನ ವರ್ಷ ಎಲ್ಲಾರಿಗಿಂತ ಮೊದ್ಲು ಬ್ಯಾಡ ಅನ್ನೋನೂ ಅವನೇ. ನಮ್ಮ ಲೆಕ್ಕದಾಗ ನುಂಗದೆ ಉಳದ ಮಂದಿನ ಒಂದೇ ತೂಕದಾಗ ತೂಗ್ತೀವಿ, ಹತ್ತು ಮಂದಿ ಉಳದ್ರು, ಇಪ್ಪತ್ತು ಮಂದಿ ಉಳದ್ರು ಅಂತ. ಆ ಹತ್ತರಾಗ ಹೆದರಿ ಬಿಟ್ಟವರು ಎಷ್ಟು, ಊರಾಗ ಇಲ್ಲದೆ ಬಿಟ್ಟವರು ಎಷ್ಟು, ಒಂದು ಸಲ ಜ್ವರ ಬಂದು ಬಿಟ್ಟವರು ಎಷ್ಟು ಅಂತ ಯಾರೂ ಬರಿಯಂಗಿಲ್ಲ, ಅದಕ್ಕ ರಿಜಿಸ್ಟರಿನಾಗ ಕಾಲಮ್ಮೇ ಇಲ್ಲ. ನನ್ನ ಫಾರ್ಮಿನಾಗೂ ಇರಲಿಲ್ಲ, ಈ ಕೇಸು ಆದ ಮ್ಯಾಲ ಪೆನ್ನಿನಿಂದ ಗೆರಿ ಹೊಡದು ಸೇರಿಸ್ಕೊಂಡೀನಿ.

ಇದನ್ನೆಲ್ಲ ಅವನಿಗೆ ಹೇಳಿದೆ, ತಲಿ ಆಡಿಸಿದ, ನಂಬಲಿಲ್ಲ. ಅದಕ್ಕ ಒಂದು ರಾತ್ರಿ ಬ್ಯಾಟರಿ ಮೈಕ್ರೋಸ್ಕೋಪು ಅವರ ಕಟ್ಟಿ ಮ್ಯಾಲೇ ಇಟ್ಟೆ. ಹತ್ತೂವರಿಗೆ ಬಟ್ಟು ಚುಚ್ಚಿ ಒಂದು ಹನಿ ಹಸಿ ರಕ್ತ, ಬಣ್ಣ ಗಿಣ್ಣ ಏನಿಲ್ಲ, ಮ್ಯಾಲ ತೆಳು ಗಾಜು. ಮೊದ್ಲು ನಾ ನೋಡಿದೆ, ರಕ್ತಕಣ ಜ್ವಾಳದ ರಾಶಿಹಂಗ ಒತ್ತಿ ಕುಂತಾವ, ಅದರ ನಡುವ ಒಂದು ಕಡಿ ರಾಶಿ ಅಲುಗಾಡ್ಲಿಕತ್ತದ, ಹುಳ ಮೊದ್ಲು ಕಾಣಂಗಿಲ್ಲ, ಅದು ಚಾಟಿಹಂಗ ಬಾಲ ಹೊಡದು ಕಣಗಳನ್ನ ಆ ಕಡಿ ಈ ಕಡಿ ದೂಡೋದು ಕಾಣ್ತದ, ಆಮ್ಯಾಲ ಹುಳ. ಜಾಗ ಬಿಟ್ಟು ಅವನನ್ನ ಕೂಡಿಸಿದೆ. ಒಂದು ಕಣ್ಣು ಮುಚ್ಚಲಿಕ್ಕ ಬರಲಿಲ್ಲ, ಕೈಯಿಂದ ಮುಚ್ಚಿಕೊಂಡ. ಭಾಳ ಹೊತ್ತು ಮಾತಿಲ್ಲ. ಆಮ್ಯಾಲ "ಇದು ನಂದೇ ಏನ್ರಿ" ಅಂದ. ಈಗ ನಿನ್ನ ಬಟ್ಟಿನಿಂದ ತಗೊಂಡಿದ್ದೇ ಅಲ್ಲೇನು ತಮ್ಮಾ ಅಂದೆ. ಬಟ್ಟು ನೋಡ್ಕೊಂಡ, ಮಲಗಿದ್ದ ಮಗಳ ಕಡಿ ನೋಡಿದ. ಮತ್ತ ಏನೂ ಕೇಳಲಿಲ್ಲ.

ಗುಳಿಗಿ ಕೊಡೋ ಹೊತ್ತಿಗೆ ಇನ್ನೊಂದು ತಕರಾರು. ಆ ಹೊತ್ತಿಗಾಗಲೇ ನಮ್ಮ ಜಿಲ್ಲಾಕ್ಕ ಮೂರು ಔಷಧಿ ಕೂಡಿಸಿ ಕೊಡೋ ಪದ್ಧತಿ ಬಂದಿತ್ತು, ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್. ದೇಶದಾಗ ಇದನ್ನ ಮೊದ್ಲು ಶುರು ಮಾಡಿದ ಐದು ಜಿಲ್ಲಾದಾಗ ಯಾದಗಿರಿ ಒಂದು, ಅದಕ್ಕೂ ಮೊದ್ಲು ಈ ಮೂರು ಕೂಡಿಸಿ ಕೊಟ್ರ ಜನಕ್ಕ ಸುರಕ್ಷಿತ ಏನು ಅಂತ ಐದು ದೇಶದಾಗ 26 ಸಾವಿರಕ್ಕೂ ಹೆಚ್ಚು ಮಂದಿ ಮ್ಯಾಲ ಪರೀಕ್ಷೆ ನಡದಾಗ ಭಾರತದ ಪಾಲಿನ ಕೆಲಸ ಆಗಿದ್ದೂ ನಮ್ಮ ಯಾದಗಿರಿಯಾಗೇ, ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನವರು ಬಂದು ಮಾಡಿದ್ರು. ಹಿಂದುಳಿದ ಜಿಲ್ಲಾ ಅಂತ ಬೈಸ್ಕೊಳ್ಳೋ ಊರಿಗೆ ಇಂಥಾದ್ದೊಂದು ಹೆಸರು ಅದ ಅಂತ ಇಲ್ಲಿಯವರಿಗೇ ಗೊತ್ತಿಲ್ಲ. ಪಾಪುವಾ ನ್ಯೂಗಿನಿಯಾಗ ಮಾಡಿದ ಪರೀಕ್ಷೆದಾಗ ಹಳೇ ಎರಡು ಔಷಧಿ ಒಂದು ಸಲ ಕೊಟ್ರ ವರ್ಷದ ಮ್ಯಾಲ ನೂರಕ್ಕ 32 ಮಂದಿ ರಕ್ತ ಅಷ್ಟೇ ಮರಿ ಇಲ್ಲದಂಗ ಇತ್ತು, ಮೂರು ಕೂಡಿಸಿದ್ರ ನೂರಕ್ಕ 96, ಅದು 2018ರಾಗ ಪ್ರಕಟ ಆಗ್ಯದ.

ಆದ್ರ ಓಣಿಯ ಕುರುಬರ ಹಿರಿಯರೊಬ್ಬರು ಚೀಟಿ ಓದಿಸಿ ಕೇಳಿ, "ಐವರ್ಮೆಕ್ಟಿನ್ ಅಂದ್ರ ನಾವು ಕುರಿಗೆ ಚುಚ್ಚೋದಲ್ಲೇನ್ರಿ" ಅಂದ್ರು. ಅಷ್ಟೇ, ಊರಿನ ತುಂಬ ಕುರಿ ಔಷಧಿ ಅಂತ ಸುದ್ದಿ. ಹೌದು ಮುತ್ಯಾ ಅದೇ ಔಷಧಿ, ಮನಷ್ಯಾರ ಲೆಕ್ಕಕ್ಕ ಮಾಡಿದ ಗುಳಿಗಿ ಇದು ಅಂದೆ, ಸುಳ್ಳು ಹೇಳೋದ್ರಾಗ ಅರ್ಥ ಇರಲಿಲ್ಲ. ಜಪಾನಿನ ಮಣ್ಣಿನಾಗ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದು, ಕಂಡುಹಿಡದವರಿಗೆ 2015ರಾಗ ನೊಬೆಲ್ ಕೊಟ್ಟಾರ ಅಂತನೂ ಹೇಳಿದೆ, ಮುತ್ಯಾಗ ನೊಬೆಲ್ ಬ್ಯಾಡ ಆಗಿತ್ತು. "ಕುರಿ ಮೈ ಮ್ಯಾಲಿನ ಹುಳ ಸಾಯೋದು ನಾ ಕಣ್ಣಾರೆ ನೋಡೀನಿ, ಅದಕ್ಕ ಕೆಲಸ ಮಾಡಿದ್ದು ನಮಗ್ಯಾಕ ಮಾಡಂಗಿಲ್ಲ, ತರ್ರಿ" ಅಂತ ತಾನೇ ಮೊದ್ಲು ಕೈ ಒಡ್ಡಿದ. ಆ ದಿನ ನನ್ನ ಅರ್ಧ ಕೆಲಸ ಮಾಡಿದ್ದು ಆ ಮುತ್ಯಾ.

ಐವರ್ಮೆಕ್ಟಿನ್ ಎತ್ತರದ ಮ್ಯಾಲ ಕೊಡೋದು, ಗುರುತು ಹಾಕಿದ ಕೋಲಿಗೆ ನಿಲ್ಲಿಸಿ. ಅಳ್ಯಾನ ಎತ್ತರಕ್ಕ ನಾಕು ಬಂತು, ಡಿಇಸಿ ಮೂರು, ಅಲ್ಬೆಂಡಜೋಲ್ ಒಂದು, ಒಟ್ಟು ಎಂಟು. "ಎಂಟು! ಊಟನೇ ಆತಲ್ರಿ" ಅಂದ. ಖಾಲಿ ಹೊಟ್ಟಿಲೆ ಬ್ಯಾಡ ಅಂತ ಮೊದ್ಲು ರೊಟ್ಟಿ ಪುಂಡಿಪಲ್ಯ ತಿನಿಸಿ, ನನ್ನ ಮುಂದೇ ನುಂಗಿಸಿದ್ವಿ. ಈ ಸಲ ಆಸ್ಪತ್ರಿ ಡಾಕ್ಟ್ರು ಅವತ್ತು ರಾತ್ರಿ ಊರಾಗೇ ಉಳಿದ್ರು, ಜ್ವರ ಬರ್ತದ, ಬರಬೇಕು, ಬಂದ್ರ ಹುಳ ಸಾಯ್ಲಿಕತ್ತಾವ ಅಂತ ತಿಳ್ಕೋ ಅಂತ ಮೊದ್ಲೇ ಹೇಳಿ ಇಟ್ಟಿದ್ರು. ಹನ್ನೊಂದಕ್ಕ ಚಳಿ ಹತ್ತಿತು, ಪ್ಯಾರಾಸಿಟಮಾಲ್ ಕೊಟ್ಟು ಕೌದಿ ಹೊಚ್ಚಿದ್ವಿ. ಐದು ವರ್ಷದ ಹಿಂದ ಬಂದಿದ್ದ ಅದೇ ಜ್ವರ, ಆವಾಗ ಯಾರಾದ್ರೂ ಬಾಜೂ ಕುಂತು ಇದೇ ಮಾತು ಹೇಳಿದ್ರ ಈ ಹುಡುಗಿ ಪಟ್ಟಿಯಾಗ ಎರಡನೇ ಗೆರಿ ಬರ್ತಿತ್ತೋ ಇಲ್ಲೋ ಅಂತ ನನ್ನ ತಲಿಯಾಗ ಅದೇ ಓಡ್ತಿತ್ತು. ಮುಂಜಾನಿ ಎದ್ದು ಚಾ ಕುಡದ. ಪಾಸಿಟಿವ್ ಬಂದವರಿಗೆ ಕೊಡೋ 12 ದಿನದ ಡಿಇಸಿನೂ ಆಮ್ಯಾಲ ಮುಗಿಸಿದ, ಹುಡುಗಿಗೂ ಆಕಿ ವಯಸ್ಸು ಎತ್ತರ ನೋಡಿ ಡಾಕ್ಟ್ರು ಕೊಟ್ರು.

ಸೊಳ್ಳಿ ಕಥಿ ಉದ್ದ ಮಾಡಂಗಿಲ್ಲ. ಮನಿ ಹಿಂದ ನಾಲಿ, ಶಾಹಾಬಾದ್ ಪರ್ಸಿ ಮುಚ್ಚಿದ್ದು, ಒಂದು ಪರ್ಸಿ ಮುರದು ಒಳಗ ಬಿದ್ದು ನೀರು ಕಟ್ಟಿ ನಿಂತಿತ್ತು, ಕರೀ ನೀರಿನಾಗ ಕ್ಯೂಲೆಕ್ಸ್ ಮರಿ ಗಿಜಿಗಿಜಿ. ಈ ಸೊಳ್ಳಿಗೆ ಹೊಲಸು ನೀರೇ ಬೇಕು, ಡೆಂಗಿ ಸೊಳ್ಳಿಹಂಗ ತಿಳಿ ನೀರಲ್ಲ. ಊರಾಗ ಗದ್ದಿ ನೀರಿನ ಮ್ಯಾಲ ತಪ್ಪು ಹೊರಿಸ್ತಿದ್ರು, ನಾಲಿ ಯಾರೂ ನೋಡಿರಲಿಲ್ಲ. ಮುರದ ಪರ್ಸಿ ತಗಿಸಿದ್ದು ಅಳ್ಯಾನೇ, ಗೌಂಡಿ ಅಲ್ಲೇನು, ಅರ್ಧ ದಿನದಾಗ ಇಳಿಜಾರು ಸರಿ ಮಾಡಿ ಸಿಮೆಂಟ್ ಹಾಕಿದ.

ಆಯಿ ಕಾಲಿಗೆ ಗುಳಿಗಿ ಏನೂ ಮಾಡಂಗಿಲ್ಲ, ಬೇಕಾಗಿದ್ದು ಸಾಬಾನು, ನೀರು, ಮೆತ್ತನ್ನ ಅರಿವಿ. ದಿನಾ ಸಂಜಿ ಕಾಲು ತೊಳಿಯೋದು, ಮಡಿಕಿ ಬಿಚ್ಚಿ ಬಿಚ್ಚಿ ತೊಳಿಯೋದು, ಬಟ್ಟುಸಂದಿ ಒತ್ತಿ ಒರಸೋದು, ಬಿಳಿ ಬಿದ್ದಲ್ಲಿ ಮುಲಾಮು, ಮಲಗುವಾಗ ಕಾಲಿನ ಕೆಳಗ ಮಡಿಚಿದ ಕೌದಿ. ಮೊದಲ ದಿನ ನಾನೇ ತೊಳದೆ. ಆಯಿ ಅಳಲಿಕ್ಕ ಶುರು ಮಾಡಿದ್ಳು, ಮೂವತ್ತು ವರ್ಷದಾಗ ಆ ಕಾಲಿಗೆ ಬ್ಯಾರೆಯವರ ಕೈ ಹತ್ತಿದ್ದು ಅದೇ ಮೊದ್ಲಂತ. ಎರಡನೇ ವಾರದಿಂದ ಮೊಮ್ಮಗಳು ತೊಳಿಲಿಕತ್ತಾಳ.

ನನಗ ಇನ್ನೂ ಬಗೆಹರಿಯದ ಒಂದು ಮಾತದ. ಊರಾಗ ಆಯಿ ಮ್ಯಾಲಿನ ತಪ್ಪು ಇಳಿಸಬೇಕು, ಹಂಗಂತ ಹುಳ ಯಾರ ಮೈಯಾಗ ಸಿಕ್ತು ಅಂತ ನಾ ಹೇಳಂಗಿಲ್ಲ, ಅದು ಗುಟ್ಟು. ಆಯಿ ಒಪ್ಪಿದ್ರ ಆಯಿ ಟೆಸ್ಟು ನೆಗೆಟಿವ್ ಅಂತ ಗುಡಿ ಮುಂದ ಹೇಳಬಹುದಿತ್ತು. ಆದ್ರ ಅಷ್ಟು ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರ್ತದ, ಹಂಗಾದ್ರ ಆ ಮನ್ಯಾಗ ಯಾರದು ಅಂತ. ಆಯಿಗೆ ಕೇಳಿದೆ. ನಾ ಯಾರ ಹೆಸರೂ ತಗದಿರಲಿಲ್ಲ, ಆದ್ರ ಆ ರಾತ್ರಿ ಕಟ್ಟಿ ಮ್ಯಾಲ ನಡದದ್ದು ಆಯಿ ಒಳಗಿಂದ ನೋಡಿದ್ಳು. "ನಂದೇ ಅಂತ ಇರ್ಲಿ ಬಿಡು ಯವ್ವಾ. ನನ್ನ ಬಾಳೇವು ಮುಗದದ. ಅವನಿಗೆ ಅಂದ್ರ ನನ್ನ ಮಗಳಿಗೆ ಅಂದಂಗ." ನಾ ಗುಡಿ ಮುಂದ ಹೇಳಿದ್ದು ಇಷ್ಟೇ, ಆನಿಕಾಲು ಮುಟ್ಟಿದ್ರ ಬರಂಗಿಲ್ಲ, ಕಾಲು ದಪ್ಪ ಇದ್ದವರಿಂದ ಹರಡೋದು ಭಾಳ ಕಡಿಮಿ, ಯಾರ ಮೈಯಾಗ ಅದ ಅಂತ ನೋಡಿ ಹೇಳಲಿಕ್ಕಾಗಂಗಿಲ್ಲ, ಅದಕ್ಕ ಎಲ್ಲಾರೂ ನುಂಗಬೇಕು. ಎಷ್ಟು ಮಂದಿ ತಲಿಗೆ ಹೋಯ್ತೋ, ನಳದ ಪಾಳೇದಾಗ ಒಬ್ಬಿಬ್ಬರು ಕೊಡ ಸರಿಸೋದು ಬಿಟ್ಟಾರಂತ ಆಶಾ ಅಕ್ಕ ಅಂದ್ಳು.

ಒಂದು ವರ್ಷ ಬಿಟ್ಟು ಮತ್ತ ಅದೇ ಜಾತ್ರಿ ಮರುದಿನ ಹೋದೆ. ಅಳ್ಯಾನ ರಾತ್ರಿ ಸ್ಲೈಡಿನಾಗ ಒಂದೂ ಮರಿ ಇಲ್ಲ, ಎರಡು ಸಲ ನೋಡಿದೆ. ಪಟ್ಟಿ ಟೆಸ್ಟು ಮಾತ್ರ ಇನ್ನೂ ಎರಡು ಗೆರಿ, ದೊಡ್ಡ ಹುಳ ಪೂರಾ ಸತ್ತಿರಲಿಕ್ಕಿಲ್ಲ, ಸತ್ರೂ ಅದರ ಅಂಶ ಮೈಯಾಗಿಂದ ಹೋಗಲಿಕ್ಕ ಟೈಮ್ ಹಿಡೀತದ, ಅದನ್ನ ಅವನಿಗೆ ಬಿಡಿಸಿ ಹೇಳೋದು ಭಾಳ ತ್ರಾಸಾತು. ಹುಡುಗಿ ಗೆರಿ ಇನ್ನೂ ಮಸುಕಾಗ್ಯದ, ರಾತ್ರಿ ರಕ್ತದಾಗ ಏನೂ ಸಿಕ್ಕಿಲ್ಲ. ಆಯಿಗೆ ಆ ಮಳಿಗಾಲದಾಗ ಒಂದೇ ಸಲ ಜ್ವರ ಬಂದಿತ್ತಂತ. ಕಾಲು ಮೊದ್ಲಿನಷ್ಟೇ ದಪ್ಪ, ವಾಸನಿ ಇಲ್ಲ.

ಇದನ್ನ ಬರೀಲೇನು ಅಂತ ಕೇಳಲಿಕ್ಕ ಅಳ್ಯಾಗ ಬೆಂಗಳೂರಿಗೆ ಫೋನ್ ಮಾಡಿದ್ದೆ. ಹೆಸರು ಊರು ಬಿಟ್ಟು ಬರೀರಿ ಅಂದ. ಹಿಂದ ಮಿಕ್ಸರ್ ಮಷಿನ್ ಸಪ್ಪಳ, ಮಾತು ಅರ್ಧಂಬರ್ಧ ಕೇಳ್ತಿತ್ತು. "ಮೇಡಂ, ಇಲ್ಲಿ ಶೆಡ್ಡಿನಾಗ ನಮ್ಮ ಕಡಿಯವರು ಹದಿನಾರು ಮಂದಿ ಅದೀವಿ, ಊರಾಗ ಗುಳಿಗಿ ಕೊಡುವಾಗ ಒಬ್ಬರೂ ಊರಾಗ ಇರಂಗಿಲ್ಲ. ಇವರಿಗೆ ಯಾರು ಕೊಡ್ತಾರ್ರಿ?" ಬೆಂಗಳೂರು ಫೈಲೇರಿಯಾ ಪಟ್ಟಿಯಾಗಿಲ್ಲ, ಅಲ್ಲಿ ಯಾರೂ ಕೊಡಂಗಿಲ್ಲ, ಇಲ್ಲಿಯ ರಿಜಿಸ್ಟರಿನಾಗ ಈ ಹದಿನಾರು ಹೆಸರಿಗೂ ಟಿಕ್ ಇರ್ತದ. ಹದಿನಾರು ಮಂದಿ ಹೆಸರು ಊರು ವಾಟ್ಸಾಪ್ ಮಾಡು ತಮ್ಮಾ ಅಂದೆ. ಮಾಡ್ಯಾನ. ಹನ್ನೊಂದು ಮಂದಿ ಶಹಾಪುರದವರು, ಮೂವರು ಸುರಪುರ, ಇಬ್ಬರು ಚಿತ್ತಾಪುರ, ಮುಂದಿನ ಸಂಕ್ರಾಂತಿಗೆ ಎಲ್ಲಾರೂ ಬರ್ತಾರಂತ. ಈ ಸಲ ಸ್ಲೈಡ್ ಡಬ್ಬಿ ಎರಡು ಒಯ್ಯಬೇಕು.